ಎರಡು ಸಲ ಮಿಟುಕಿದರೆ

ಮಿಟುಕಿತು, ಆರಿತು, ಮತ್ತೆ ಮಿಟುಕಿತು — ಹಗಲು ಹನ್ನೊಂದು ಗಂಟೆಗೆ ಈ ಟ್ಯೂಬ್‌ಲೈಟಿಗೆ ಏನು ಕೆಲಸವೋ, ಕಿಟಕಿಯ ತುಂಬ ಬಿಸಿಲಿರುವಾಗ ಯಾರು ಹಾಕಿಟ್ಟು ಹೋದರೋ, ಸ್ಟಾರ್ಟರ್ ಹೋಗಿರಬೇಕು, ಅವರು, ಅವಳ ಯಜಮಾನರು, ಇಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಸ್ಟೂಲು ಹತ್ತಿ ಅದನ್ನು ತಿರುಗಿಸಿ ತೆಗೆದು ಮಗುವಿನ ಗಿಲಕಿಯ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು, ಎಂದುಕೊಂಡು ಅವಳು ಕಣ್ಣು ತಗ್ಗಿಸಿದಳು, ತಗ್ಗಿಸಿದರೆ ಮಡಿಲಲ್ಲಿ ಅದೇ ಕಾಗದ, ಅಪಘಾತದ ವಿವರ ಕೇಳುವ ಫಾರಂ. ಎದುರಿನ ವಾಹನ ನಿಮಗೆ ಕಂಡಿತ್ತೇ — ಹೌದು, ಇಲ್ಲ — ಎರಡು ಪುಟ್ಟ ಚೌಕ, ಒಂದು ಖಾಲಿ, ಇಲ್ಲ ಅನ್ನುವುದರಲ್ಲಿ ಪೆನ್ಸಿಲಿನ ತೆಳ್ಳನೆ ಗುರುತು, ಮೇನೇಜರ್ ಹಾಕಿಕೊಟ್ಟದ್ದು, ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಕೆಟ್ಟವನಲ್ಲ, ಮೊದಲ ಸಲ ಶಾಲೆಗೆ ಹೋದ ಕೂಸಿಗೆ ಅಕ್ಷರ ಬರೆದುಕೊಟ್ಟ ಹಾಗೆ ಬರೆದುಕೊಟ್ಟಿದ್ದಾನೆ, ಅಕ್ಕಾ ನೀವು ಇದರ ಮೇಲೆ ಪೆನ್ ಓಡಿಸಿದ್ರೆ ಮುಗೀತು, ಎಲ್ಲರೂ ಹಾಕೋದು ಇದನ್ನೇ, ಕಾಣಲಿಲ್ಲ ಅಂದ್ರೆ ಅದು ಆಗಿಹೋದದ್ದು, ಕಂಡಿತು ಅಂದ್ರೆ ಅದು ಮಾಡಿದ್ದು ಆಗುತ್ತೆ ನೋಡಿ, ಆಮೇಲೆ ವ್ಯಾನಿನ ಕೀ ನಾನು ಇಸ್ಕೋಬೇಕಾಗುತ್ತೆ, ನಿಮ್ಮನ್ನ ಮಡಚೋ ಮೇಜಿಗೆ ಕಳಿಸಬೇಕಾಗುತ್ತೆ, ನನಗೆ ಇಷ್ಟವಾ ಅದು? ಮಡಚುವ ಮೇಜು. ಹದಿನಾಲ್ಕು ವರ್ಷ ಈ ಲಾಂಡ್ರಿಯ ವ್ಯಾನು ಓಡಿಸಿದ್ದಾಳೆ, ಆಸ್ಪತ್ರೆಗೆ ಬಿಳಿ ಹಾಸಿಗೆಬಟ್ಟೆ ಕೊಟ್ಟು ಕೊಳೆಯದ್ದು ತಂದು, ಕೊಟ್ಟು ತಂದು, ಅದಕ್ಕೂ ಮೊದಲು ಮೂರು ವರ್ಷ ಇದೇ ಗೋಡೆಯಾಚೆ ಹಬೆಯಲ್ಲಿ ನಿಂತು ಮಡಚಿದ್ದಾಳೆ, ಇನ್ನೊಬ್ಬಳು ಆ ತುದಿ ಹಿಡಿಯಬೇಕು ಇವಳು ಈ ತುದಿ, ಹತ್ತಿರ ಬಾ ದೂರ ಹೋಗು, ಸಂಜೆಗೆ ಸೊಂಟ ತನ್ನದಲ್ಲ. ಸ್ಟೀರಿಂಗ್ ಸಿಕ್ಕ ದಿನ ಅಂದುಕೊಂಡಿದ್ದಳು, ಕೂತು ಮಾಡುವ ಕೆಲಸ, ಕಿಟಕಿಯಿರುವ ಕೆಲಸ. ಈಗ ಒಂದು ಗೀಟು ಎಳೆದರೆ ಕಿಟಕಿ ಉಳಿಯುತ್ತದೆ. ಎಳೆದರೆ ಸಾಕು. ಕೈಯೇಕೋ ಪೆನ್ನಿನ ಮುಚ್ಚಳವನ್ನೇ ತೆಗೆಯುತ್ತಿಲ್ಲ.

ಯಾಕೆಂದರೆ ಕಂಡಿತ್ತು. ಕಾಣದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಆಸ್ಪತ್ರೆಯ ತಿರುವಿನಲ್ಲಿ ಬಲಕ್ಕೆ ಹೊರಳಬೇಕು, ರಸ್ತೆಯ ನಡುವೆ ವ್ಯಾನು ನಿಲ್ಲಿಸಿಕೊಂಡು ಎದುರಿನ ಸಾಲು ಮುಗಿಯಲಿ ಅಂತ ಕಾಯುತ್ತಿದ್ದಾಳೆ, ಬೆಳಗಿನಿಂದ ಮೂರನೆಯ ಸುತ್ತು, ಹಿಂದಿನವನು ಹಾರ್ನ್ ಮೇಲೆ ಕೈಯಿಟ್ಟು ಮಲಗಿಬಿಟ್ಟಿದ್ದಾನೆ, ಬೆನ್ನ ಹಿಂದೆ ಬಿಸಿ ಬಟ್ಟೆಯ ವಾಸನೆ, ತೂಕಡಿಕೆ ತರಿಸುವ ವಾಸನೆ ಅದು, ಕೂಸು ಮಿಂದು ಮಲಗಿದ ಕೋಣೆಯ ಹಾಗೆ, ಬಾಗಿಲು ಹಾಕುವಾಗ ಬಟಾಣಿ ನೆನೆಹಾಕಿದೆನೋ ಇಲ್ಲವೋ ಅಂತ ಒಂದು ಯೋಚನೆ, ಎದುರಿನ ಸಾಲು ಖಾಲಿಯಾಯಿತು, ಕೊನೆಯಲ್ಲೊಂದು ಬೈಕು, ದೂರ, ಬಿಸಿಲಲ್ಲಿ ಒಂದು ಬಿಳಿ ಚುಕ್ಕೆ, ಮಿಟುಕಿತು. ಎರಡು ಸಲ, ನಡುವೆ ಒಂದು ಉಸಿರು, ಮತ್ತೆ ಎರಡು ಸಲ. ಅವಳ ಕಾಲು ಬ್ರೇಕಿನಿಂದ ಎದ್ದಿತು. ಅವಳು ಎತ್ತಲಿಲ್ಲ, ಅದಾಗಿಯೇ ಎದ್ದಿತು, ಅಷ್ಟೇ ಅಲ್ಲ, ಅವಳು ಆ ಬೈಕಿನ ಕಡೆ ಕೈಯನ್ನೂ ಎತ್ತಿದಳು, ಉಪಕಾರ ಆಯಿತು ಅನ್ನುವ ಹಾಗೆ, ಎತ್ತಿದ ಕೈ ಇನ್ನೂ ಇಳಿದಿಲ್ಲ — ಶಬ್ದ. ಅಷ್ಟು ದೊಡ್ಡ ಶಬ್ದವೇನಲ್ಲ, ಅಲಮಾರಿನ ಬಾಗಿಲು ಗಾಳಿಗೆ ಬಡಿದಂತೆ. ಬೈಕಿನ ಹಿಂದೆ ಕಟ್ಟಿದ್ದ ಡಬ್ಬಿ ಬಿಚ್ಚಿಕೊಂಡು ರಸ್ತೆಯ ಮೇಲೆ ಜಾರಿತು, ಜಾರುತ್ತಲೇ ಹೋಯಿತು, ರಕ್ತದ ಸ್ಯಾಂಪಲ್ಲು, ಎಚ್ಚರಿಕೆ, ಅಂತ ಕೆಂಪಕ್ಷರ, ಅದನ್ನು ನೋಡಿದಾಗಲೇ ಗೊತ್ತಾದದ್ದು, ಲ್ಯಾಬಿನ ಹುಡುಗಿ, ಮನೆಗೆ ಬಂದು ಬೈಕಿಗೆ ಯಜಮಾನರು ಮಾಡಿದ ದೀಪ ಹಾಕಿಸಿಕೊಂಡು ಹೋದವಳು, ಇವಳ ಕೈಯಿಂದ ನೀರು ಇಸಿದುಕೊಂಡು ಒಂದೇ ಗುಟುಕಿಗೆ ಕುಡಿದು ಇನ್ನೊಂದು ಲೋಟ ಆಂಟಿ ಅಂದವಳು. ಹೆಲ್ಮೆಟ್ಟಿನ ಗಾಜು ಮೇಲೆತ್ತಿದರೆ ಅದೇ ಕಣ್ಣು. ಕಾಲು ಯಾವ ಕಡೆಗೆ ತಿರುಗಬಾರದೋ ಆ ಕಡೆಗೆ ತಿರುಗಿದೆ, ಅಯ್ಯೋ ಅಮ್ಮಾ ಅನ್ನಲಿಲ್ಲ ಆ ಮಗು, ಮೊದಲು ಕೇಳಿದ್ದು, ಆಂಟಿ, ನಾನು ದೀಪದ ಸ್ವಿಚ್ ಹಾಕಿದ್ನಾ? ಹಾಕಿದ್ದೆ ಮಗಳೇ ಅನ್ನಬೇಕಿತ್ತು. ಎರಡು ಮಾತು. ಅವಳು ಅಂದದ್ದೇನು, ಮಾತಾಡಬೇಡ, ಮಾತಾಡಬೇಡ, ಸುಮ್ನೆ ಮಲಗು.

ಯಾರಿಗೆ ಹೇಳಿದರೆ ಅರ್ಥವಾದೀತು, ಅದು ಊಟದ ದೀಪ ಅಂತ. ಇಪ್ಪತ್ತೆರಡು ವರ್ಷದ ಹಿಂದೆ, ಮಗಳು ಮೂರು ತಿಂಗಳ ಕೂಸು, ಎಲೆ ಅಲುಗಿದರೂ ಎಚ್ಚರಗೊಳ್ಳುವ ಪೈಕಿ, ಅವಳನ್ನು ಮಲಗಿಸುವುದೆಂದರೆ ಹಾಲು ತುಂಬಿದ ಪಾತ್ರೆಯನ್ನು ತುಳುಕದೆ ಒಯ್ದು ಇಟ್ಟ ಹಾಗೆ, ಮಲಗಿದ ಮೇಲೆ ಮನೆಯಲ್ಲಿ ಮಾತಿಲ್ಲ, ಪಾತ್ರೆ ಸದ್ದಿಲ್ಲ, ಅವರು ಹಿತ್ತಿಲ ಶೆಡ್ಡಿನಲ್ಲಿ ಮೋಟಾರಿಗೆ ತಂತಿ ಸುತ್ತುತ್ತಾರೆ, ಆ ಶೆಡ್ಡು ಹಗಲೂ ಕತ್ತಲೆ, ಕರೆದರೆ ಕೇಳುವುದೂ ಇಲ್ಲ, ಹೋಗಿ ಕರೆಯೋಣವೆಂದರೆ ಹಿತ್ತಿಲ ಬಾಗಿಲು ಕಿರುಗುಟ್ಟುತ್ತದೆ. ಅದಕ್ಕೆ ಅಡುಗೆಮನೆಯ ದೀಪವನ್ನು ಒಂದು ಸಲ ಮಿಟುಕಿಸಿದಳು, ಊಟಕ್ಕೆ ಬನ್ನಿ. ಶೆಡ್ಡಿನ ಬಲ್ಬು ಎರಡು ಸಲ ಮಿಟುಕಿತು. ಎರಡು ಯಾಕೆ ಅಂತ ಆಮೇಲೆ ಕೇಳಿದರೆ, ನೀನು ಮೊದಲು ಮಾಡು ಅಂತ, ಮತ್ತೇನು, ಕೈಯಲ್ಲಿ ತಂತಿ ಹಿಡಿದಿದ್ದೀನಿ ಬರೋಕಾಗುತ್ತಾ, ನೀನು ಹಸಿದಿರ್ತೀಯ. ಅಷ್ಟೇ, ಅಲ್ಲಿಂದ ಶುರು, ಕೂಸು ಬೆಳೆಯಿತು, ಬಾಗಿಲಿಗೆ ಎಣ್ಣೆ ಬಿಟ್ಟರು, ಅವಳು ಲಾಂಡ್ರಿಗೆ ಸೇರಿ ಊಟದ ಬಿಡುವಿಗೆ ಮನೆಗೆ ಬರತೊಡಗಿದಳು, ಆದರೂ ದಿನ ಮಧ್ಯಾಹ್ನ ಅವಳದ್ದು ಒಂದು ಅವರದ್ದು ಎರಡು, ಜಗಳವಾಡಿ ಮುಖ ತಿರುಗಿಸಿಕೊಂಡ ದಿನವೂ ಅವಳದ್ದು ಒಂದು ಅವರದ್ದು ಎರಡು, ನೀನು ಮೊದಲು, ನೀನು ಮೊದಲು, ಮಗಳು ನಗುತ್ತಾಳೆ, ನಿಮ್ಮಿಬ್ಬರ ಸಂಸಾರ ಮಾತಿನ ಮೇಲಲ್ಲ ಕಣಮ್ಮ, ಕರೆಂಟಿನ ಮೇಲೆ ನಡೆದಿದೆ, ಒಂದಿನ ಫ್ಯೂಸ್ ಹೋದ್ರೆ ಅಪ್ಪ ಉಪವಾಸ. ಎಷ್ಟು ಮಧ್ಯಾಹ್ನಗಳು. ಲೆಕ್ಕ ಯಾರಿಟ್ಟಿದ್ದಾರೆ, ಮೈಗೆ ಗೊತ್ತು. ಎರಡು ಸಲ ಮಿಟುಕಿದರೆ ಯಾರೋ ನಿನಗಾಗಿ ತಡೆದು ನಿಂತಿದ್ದಾರೆ ಅಂತ ಅವಳ ಕಾಲಿಗೆ ಗೊತ್ತು, ಆ ಗೊತ್ತಿರುವ ಕಾಲೇ ಎದ್ದದ್ದು. ಈ ಕಾಗದದಲ್ಲಿ ಅದಕ್ಕೆ ಚೌಕವೆಲ್ಲಿದೆ?

ಮೇಲೆ ಮತ್ತೆ ಮಿಟುಕಿತು. ಆಚೆ ಕೋಣೆಯಲ್ಲಿ ಮೇನೇಜರ್ ಫೋನಿನಲ್ಲಿ, ಹ್ಞೂ ಸಾರ್, ಇಲ್ಲೇ ಕೂತಿದಾರೆ, ಬರೀತಿದಾರೆ, ಇವತ್ತೇ ಕಳಿಸ್ತೀನಿ, ಇಲ್ಲ ಸಾರ್, ಬೈಕ್ ಕಾಣಲೇ ಇಲ್ವಂತೆ. ಕಾಣಲೇ ಇಲ್ಲ. ಆ ಮಾತು ಕೇಳಿದರೆ ಯಜಮಾನರು ಈಗಲೂ ಎಡ ಮೊಣಕಾಲಿನ ಮೇಲೆ ಕೈಯಿಟ್ಟುಕೊಳ್ಳುತ್ತಾರೆ, ಆರು ವರ್ಷದ ಹಿಂದೆ ಅಡ್ಡ ಬಂದು ಬೀಳಿಸಿದ ಕಾರಿನವನು ಅದನ್ನೇ ಅಂದದ್ದು, ಕಾಣಲೇ ಇಲ್ಲ ಸಾರ್, ದೇವರಾಣೆ, ಹಗಲು ಹೊತ್ತು, ನೇರ ರಸ್ತೆ, ಆರಡಿ ಆಳು, ಕಾಣಲೇ ಇಲ್ಲ. ಆಸ್ಪತ್ರೆಯಲ್ಲಿ ಕಾಲು ಎತ್ತಿ ಕಟ್ಟಿ ಮಲಗಿಸಿದ್ದಾಗ ಸೂರು ನೋಡಿಕೊಂಡು ಅವರು ಹೇಳಿದ್ದು, ಅವನು ಸುಳ್ಳು ಹೇಳ್ತಿಲ್ಲ ಕಣೆ, ನಿಜವಾಗಿ ಕಂಡಿಲ್ಲ ಅವನಿಗೆ, ಉರೀತಾನೇ ಇರೋ ದೀಪಾನ ಕಣ್ಣು ಮರೆತುಬಿಡುತ್ತೆ, ಮಿಟುಕೋ ದೀಪ ಮರೆಯೋಕೆ ಬಿಡಲ್ಲ. ಅಲ್ಲಿಂದ ಹಿಡಿಯಿತು ಹುಚ್ಚು. ಬೈಕಿನ ಮುಂದಿನ ದೀಪ ಹಗಲಲ್ಲಿ ತಾನಾಗಿ ಮಿಟುಕಬೇಕು, ಕತ್ತಲಾದರೆ ತಾನಾಗಿ ನೆಟ್ಟಗೆ ಉರಿಯಬೇಕು, ಬೆಂಕಿಪೊಟ್ಟಣದಷ್ಟು ಡಬ್ಬಿ, ನಾಲ್ಕು ತಂತಿ, ಎಷ್ಟು ಸುಟ್ಟವೋ, ಓಣಿಯವರು ಮಿಂಚುಹುಳ ಅಂತ ಹೆಸರಿಟ್ಟರು, ಮಿಂಚುಹುಳ ಮನೇಲಿದೆಯಾ ಅಕ್ಕಾ, ಮಿಕ್ಸಿ ತೋರಿಸಬೇಕಿತ್ತು. ಭಾನುವಾರ ಓಣಿಯ ಆ ತುದಿಯಿಂದ ಅವರು ಕುಂಟುತ್ತ ಬೈಕು ತಳ್ಳಿಕೊಂಡು ಬರುವುದು, ಈ ತುದಿಯ ಮೆಟ್ಟಿಲ ಮೇಲೆ ಅವಳು ಬಟಾಣಿ ಸುಲಿಯುತ್ತ ಕೂರುವುದು, ಕಂಡಿತಾ, ಕಂಡಿತು ಕಂಡಿತು, ಈಗ, ಕಂಡಿತು ಮಾರಾಯ್ರೇ, ನೋಡದೇನೇ ಹೇಳ್ತಿದೀಯ, ನೋಡದಿದ್ರೂ ಕಾಣುತ್ತೆ, ಅದೇ ಅಲ್ವಾ ನಿಮಗೆ ಬೇಕಾದ್ದು. ಮೊದಮೊದಲು ಅದು ಪಟಪಟಪಟ ಮಿಟುಕುತ್ತಿತ್ತು, ಹೊಲಿಗೆ ಮೆಶಿನ್ನಿನ ಸೂಜಿಯ ಹಾಗೆ, ಯಾರೂ ಕೈಯಿಂದ ಹಾಗೆ ಮಿಟುಕಿಸಲಾರರು, ನೋಡಿದೊಡನೆ ಯಂತ್ರ ಅಂತ ಗೊತ್ತಾಗುತ್ತಿತ್ತು. ಅವಳಿಗೆ ತಲೆನೋವು. ವಾರವಿಡೀ ಗಾಡಿ ಓಡಿಸಿದ ಕಣ್ಣು, ಭಾನುವಾರವೂ ಇದನ್ನು ನೋಡಬೇಕು, ಅವಳೇ ಅಂದದ್ದು, ತಾನೇ, ಈ ಬಾಯೇ, ಇಷ್ಟು ಬೇಗ ಬೇಡಪ್ಪ, ಎದುರಿಗೆ ಬರೋರಿಗೆ ಕಣ್ಣು ಕುಕ್ಕುತ್ತೆ, ಸ್ವಲ್ಪ ಮೆಲ್ಲಗೆ ಮಾಡಿ. ಮೆಲ್ಲಗೆ ಮಾಡಿದರು. ಹೇಳಿದ ಮಾತು ಕೇಳುವ ಗಂಡ, ಊರಿಗೆಲ್ಲ ಇಲ್ಲದ ಗಂಡ, ಇನ್ನೂ ಮೆಲ್ಲಗೆ ಮಾಡಿದರು, ಈಗ? ಎರಡು ಸಲ, ನಡುವೆ ಒಂದು ಉಸಿರು, ಮತ್ತೆ ಎರಡು ಸಲ. ಅವಳು ಬಟಾಣಿ ಬಿಟ್ಟು ತಲೆಯೆತ್ತಿದಳು, ಹ್ಞಾ, ಇದು ಹಿತವಾಗಿದೆ, ಇದನ್ನೇ ಇಡಿ. ಅವರು ಹಲ್ಲು ಬಿಟ್ಟು ನಕ್ಕರು, ಇದಕ್ಕೆ ಸಂಸಾರಸ್ಥರ ಮಿಟುಕು ಅಂತ ಹೆಸರಿಡೋಣ. ಯಾಕೆ ಹಿತವಾಗಿದೆ ಅಂತ ಇಬ್ಬರಿಗೂ ಹೊಳೆಯಲಿಲ್ಲ. ಇಬ್ಬರಿಗೂ.

ಒಂಬತ್ತು ದಿನ. ಬೈಕು ಕಾಣಲಿಲ್ಲವಂತೆ ಅಂತ ಮೇನೇಜರ್ ಆಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದ, ಅಪಘಾತವಾದ ದಿನವೇ ಅವರು ಕೇಳಿದರು, ಬೈಯಲಿಲ್ಲ, ಪಕ್ಕದಲ್ಲಿ ಕೂತು, ನಿನಗೆ ನಿಜವಾಗಿ ಕಾಣಲಿಲ್ವಾ? ಅವಳು ಪಾತ್ರೆ ತಿಕ್ಕುತ್ತಿದ್ದಳು, ನೀರು ಬಿಟ್ಟಳು, ನೀರಿನ ಸದ್ದಿನಲ್ಲಿ ಏನೋ ಅಂದ ಹಾಗೆ ಮಾಡಿದಳು, ಅವರು ಅದನ್ನೇ ಇಲ್ಲ ಅಂತ ತಿಳಿದುಕೊಂಡರು, ಎದ್ದು ಶೆಡ್ಡಿಗೆ ಹೋದರು. ಎರಡನೆಯ ದಿನ ಹೇಳೋಣ ಅಂದುಕೊಂಡಳು, ಮೊಣಕಾಲು ನೋವೆಂದು ಅವರು ಬೇಗ ಮಲಗಿದರು, ಮೂರನೆಯ ದಿನ ಇವಳೇ ಸುಸ್ತು, ಸುಸ್ತು ಅನ್ನುವುದೂ ಒಂದು ನೆಪವೇ ಆದರೆ ನಿಜದ ನೆಪ, ಆಮೇಲೆ ಹೇಳದ ಮಾತು ಮೂಲೆಯಲ್ಲಿ ಬಿಟ್ಟ ಒದ್ದೆ ಬಟ್ಟೆಯ ಹಾಗೆ ವಾಸನೆ ಹಿಡಿಯಿತು, ಇನ್ನು ಎತ್ತಿದರೆ ಇಷ್ಟು ದಿನ ಯಾಕೆ ಬಿಟ್ಟೆ ಅನ್ನುವುದಕ್ಕೂ ಉತ್ತರ ಕೊಡಬೇಕು. ಅವರು ಬಡಬಡ ಕೆಲಸ ಮಾಡುತ್ತಿದ್ದಾರೆ, ನನ್ನ ಹೆಂಡತಿಗೇ ಕಾಣದ ದೀಪ ಇನ್ಯಾರಿಗೆ ಕಾಣುತ್ತೆ, ಬೆಳಕು ಸಾಲದು, ಇನ್ನೂ ಜೋರು ಬೇಕು, ಹೊಸದಾಗಿ ಹನ್ನೆರಡು ಮಾಡಿದ್ದಾರೆ, ಲ್ಯಾಬಿನ ಹನ್ನೆರಡು ಬೈಕಿಗೂ ಇವತ್ತು ಮಧ್ಯಾಹ್ನ ಕೂರಿಸುತ್ತಾರೆ, ಬೆಳಕು ಎರಡರಷ್ಟು, ಮಿಟುಕುವ ಬಗೆ ಮಾತ್ರ ಅದೇ, ನೀನು ಹಿತವಾಗಿದೆ ಅಂದಿದ್ದೆಯಲ್ಲ, ಅದನ್ನ ಮುಟ್ಟಿಲ್ಲ. ಹನ್ನೆರಡು ಬೈಕು ಹನ್ನೆರಡು ತಿರುವಿನಲ್ಲಿ ನೀನು ಮೊದಲು ನೀನು ಮೊದಲು ಅನ್ನುತ್ತ ಹೋಗುತ್ತವೆ. ತನ್ನ ಹಾಗೆ ಯಾರು ತಿಳಿದುಕೊಳ್ಳುತ್ತಾರೆ, ಊಟದ ದೀಪ ಯಾರ ಮನೆಯಲ್ಲಿದೆ, ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ, ಹದಿನಾಲ್ಕು ವರ್ಷ ರಸ್ತೆಯಲ್ಲಿದ್ದವಳಿಗೆ ಗೊತ್ತು, ಲಾರಿಯವನು ಮಿಟುಕಿಸಿದರೆ ಪಕ್ಕಕ್ಕೆ ಸರಿ, ನಾನು ಬಂದೆ ಅಂತ, ಮಕ್ಕಳನ್ನು ಕೂರಿಸಿಕೊಂಡ ಕಾರಿನವಳು ಮಿಟುಕಿಸಿದರೆ ಹೋಗಿ ನೀವು ಅಂತ, ಒಂದೇ ಬೆಳಕು, ನಿಲ್ಲು ಅಂದರೂ ಅದೇ, ಹೋಗು ಅಂದರೂ ಅದೇ.

ನಿನ್ನೆ ಆಸ್ಪತ್ರೆಗೆ ಬಟ್ಟೆ ಕೊಡಲು ಹೋದವಳು — ಇನ್ನೊಬ್ಬ ಡ್ರೈವರ್, ಇವಳು ಪಕ್ಕದ ಸೀಟು, ತೀರ್ಮಾನವಾಗುವವರೆಗೆ ಹಾಗೆ — ಮೂರನೆಯ ಮಹಡಿಗೂ ಹೋದಳು, ಹೋಗಬಾರದಿತ್ತು. ಹುಡುಗಿ ಮಲಗಿದ್ದ ಹಾಸಿಗೆಬಟ್ಟೆ ಇವಳೇ ತಂದುಹಾಕಿದ್ದು, ಮೂಲೆಯಲ್ಲಿ ಲಾಂಡ್ರಿಯ ನೀಲಿ ನಂಬರು, ಕಾಲಿಗೆ ಕಂಬಿ, ಪಕ್ಕದಲ್ಲಿ ಹುಡುಗಿಯ ಅಮ್ಮ ಬಾಚಣಿಗೆ ಹಿಡಿದು ಕೂತಿದ್ದಾಳೆ, ಸಿಕ್ಕು ಬಿಡಿಸುತ್ತಿದ್ದಾಳೆ, ಇವಳನ್ನು ನೋಡಿ ಎದ್ದಳು, ಬೈಯುತ್ತಾಳೆ, ಬೈಯಲಿ, ಬೈದರೆ ಸಾಕಿತ್ತು, ಬನ್ನಿ ಅಂತ ಸ್ಟೂಲು ಸರಿಸಿದಳು. ತಪ್ಪು ನಮ್ಮದೇ ಅಂತೆ, ಇವಳು ಸ್ವಿಚ್ ಹಾಕೋದು ಮರೆತಿದ್ದಾಳೆ, ಮನೇಲೂ ಹಾಗೇ, ಗೀಸರ್ ಆರಿಸಲ್ಲ ಫ್ಯಾನ್ ಆರಿಸಲ್ಲ, ಹಾಕಬೇಕಾದ್ದನ್ನ ಹಾಕಲ್ಲ. ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ಕಣ್ಣಿಗೆ ಹೊಡಿಯುತ್ತೆ ಅಂತ ಗದರುತ್ತಾನೆಂದು ಹುಡುಗಿಯ ಬೈಕಿಗಷ್ಟೇ ಬೇರೆ ಸ್ವಿಚ್ ಇಟ್ಟುಕೊಟ್ಟಿದ್ದರು ಯಜಮಾನರು, ಆ ಸ್ವಿಚ್ಚು ಪುಡಿಯಾಗಿದೆ, ಕೇಳಿದರೆ ಹೇಳುವವರಿಲ್ಲ, ಲ್ಯಾಬಿನವರು ಅಂದಿದ್ದಾರಂತೆ ದೀಪ ಹಾಕದೆ ಓಡಿಸಿದವಳನ್ನ ಮತ್ತೆ ಬೈಕಿಗೆ ಹತ್ತಿಸಲ್ಲ. ಹುಡುಗಿ ನಗಲು ನೋಡಿದಳು, ಆಂಟಿ, ನಾನು ಎಷ್ಟು ಸಲ ನೆನಪು ಮಾಡ್ಕೊಂಡ್ರೂ ಬೆರಳು ಸ್ವಿಚ್ ಒತ್ತಿದ್ದು ನೆನಪಾಗುತ್ತೆ, ಆದರೆ ನೀವು ಕಾಣಲಿಲ್ಲ ಅಂದ್ರೆ ಒತ್ತಿಲ್ಲ ಅಂತ ತಾನೇ, ನನ್ನ ತಲೆ ನಂಬೋಕಾಗಲ್ಲ ಬಿಡಿ, ಲೈಟ್ ಅಂಕಲ್‌ಗೆ ಹೇಳಿ, ದೀಪದ ತಪ್ಪಲ್ಲ ಅಂತ. ತನ್ನ ಬೆರಳನ್ನು ತಾನೇ ನಂಬದ ಹಾಗೆ ಮಾಡಿಟ್ಟಿದ್ದಾಳೆ ಆ ಮಗುವನ್ನು. ಅದರ ಅಮ್ಮ ಬಾಚುತ್ತಿದ್ದಾಳೆ, ಮೇಲಿನಿಂದ ಕೆಳಕ್ಕೆ, ಬುಡ ಹಿಡಿದುಕೊಂಡು ಮೆಲ್ಲಗೆ, ನೋಯಬಾರದು ಅಂತ. ಇವಳೂ ತನ್ನ ಮಗಳ ತಲೆ ಹಾಗೇ ಬುಡ ಹಿಡಿದು ಬಾಚುತ್ತಿದ್ದಳು. ಹಾಸಿಗೆಬಟ್ಟೆಯ ಸುಕ್ಕು ಸರಿಮಾಡಿದಳು, ನಾಲ್ಕು ಬೆರಳಿನ ಅಭ್ಯಾಸ, ಮಾಡಿ ಎದ್ದು ಬಂದಳು. ಮೆಟ್ಟಿಲು ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಅನ್ನಿಸಿತು ಹಿಂದಿರುಗಬೇಕು, ಮೂರು ಮಹಡಿ ಇಳಿದಳು.

ಆಯ್ತಾ ಅಕ್ಕಾ, ಅಂತ ಬಾಗಿಲಲ್ಲಿ ಮೇನೇಜರ್, ಕೈಯಲ್ಲಿ ಚಹದ ಲೋಟ, ಇವಳಿಗೂ ಒಂದು ತಂದಿದ್ದಾನೆ. ರಬ್ಬರ್ ಇದೆಯಾ ಸಾರ್? ರಬ್ಬರಾ, ಯಾಕೆ? ಅಳಿಸೋಕೆ. ಅವನು ಲೋಟ ಕಿಟಕಿಯ ಮೇಲಿಟ್ಟು ಇವಳ ಮುಖ ನೋಡಿದ, ಟ್ಯೂಬ್‌ಲೈಟ್ ನೋಡಿದ, ಅದರ ಮೇಲೆ ಸಿಟ್ಟು ಬಂದವನ ಹಾಗೆ ಹೋಗಿ ಸ್ವಿಚ್ ಆರಿಸಿದ, ಅಕ್ಕಾ, ಸ್ವಲ್ಪ ಯೋಚನೆ ಮಾಡಿ. ಒಂಬತ್ತು ದಿನ ಮಾಡಿದೀನಿ ಸಾರ್, ಇನ್ನು ನನ್ನ ಕೈಲಾಗಲ್ಲ. ಅದು ದೊಡ್ಡ ಮಾತೇನಲ್ಲ, ಧೈರ್ಯವೂ ಅಲ್ಲ, ಹೊತ್ತದ್ದನ್ನು ಎಲ್ಲಾದರೂ ಇಳಿಸಬೇಕು, ಇಲ್ಲಿ ಬೆಂಚಿದೆ, ಇಲ್ಲೇ ಇಳಿಸಿದಳು. ಪೆನ್ಸಿಲಿನ ಗುರುತು ಅಳಿಸಿದರೂ ಹೋಗಲಿಲ್ಲ, ಕಾಗದದಲ್ಲಿ ತಗ್ಗು ಉಳಿಯಿತು, ಉಳಿಯಲಿ, ಹೌದು ಅನ್ನುವ ಚೌಕಕ್ಕೆ ಗುರುತು ಹಾಕಿ, ಕೆಳಗೆ ಖಾಲಿ ಬಿಟ್ಟ ಎರಡು ಸಾಲಿನಲ್ಲಿ ಬರೆದಳು, ದೀಪ ಹತ್ತಿತ್ತು. ಮಿಟುಕುತ್ತಿತ್ತು. ನನಗೆ ದಾರಿ ಬಿಟ್ಟಳು ಅಂತ ತಿಳಿದು ನಾನು ತಿರುಗಿಸಿದೆ. ಅಕ್ಷರ ಸೊಟ್ಟಗಾಯಿತು. ಮೇನೇಜರ್ ಓದಿದ, ಇನ್ನೊಂದು ಸಲ ಓದಿದ, ಕೀಗೆ ಕೈ ಚಾಚಲಿಲ್ಲ, ಅವಳೇ ಸೆರಗಿನ ತುದಿಯಿಂದ ಬಿಚ್ಚಿ ವ್ಯಾನಿನ ಕೀ ಮೇಜಿನ ಮೇಲಿಟ್ಟಳು, ಪಕ್ಕದ ಸೀಟಿನವಳಾದ ಮೇಲೂ ಅದನ್ನು ಕಟ್ಟಿಕೊಂಡೇ ಬರುತ್ತಿದ್ದಳು, ಆ ಡ್ರೈವರ್ ಹತ್ತಿರ ಇನ್ನೊಂದು ಕೀ ಇತ್ತು, ಇದನ್ನು ಯಾರೂ ಕೇಳಿರಲಿಲ್ಲ. ನಾಳೆಯಿಂದ ಮಡಚೋ ಮೇಜಿಗೆ ಬರ್ಲಾ ಸಾರ್? ಚಹ ಕುಡೀರಿ ಅಕ್ಕಾ, ತಣ್ಣಗಾಗುತ್ತೆ. ಕುಡಿದಳು. ಸಕ್ಕರೆ ಜಾಸ್ತಿಯಾಗಿತ್ತು.

ಗೇಟಿನಾಚೆ ಬಿಸಿಲು, ರಸ್ತೆ, ರಸ್ತೆಯಾಚೆ ಅವರು. ಕರೆದುಕೊಂಡು ಹೋಗಲು ಬಂದಿದ್ದಾರೆ, ಬೈಕಿನ ಮೇಲೆ ಕೂತು ಎಡಗಾಲು ನೀಡಿಕೊಂಡಿದ್ದಾರೆ, ಹಿಂದೆ ರಟ್ಟಿನ ಪೆಟ್ಟಿಗೆ, ಹನ್ನೆರಡು ದೀಪ, ಇಲ್ಲಿಂದ ಸೀದಾ ಲ್ಯಾಬಿಗೆ ಹೋಗುವ ಮಾತು. ಮೊದಲು ಆಸ್ಪತ್ರೆ, ಮೂರನೆಯ ಮಹಡಿ, ಹಾಕಿದ್ದೆ ಮಗಳೇ, ನಿನ್ನ ಬೆರಳು ಸರಿಯಾಗಿಯೇ ಒತ್ತಿತ್ತು. ಅದಕ್ಕೂ ಮೊದಲು ಈ ರಸ್ತೆ ದಾಟಬೇಕು, ದಾಟಿ ಅವರಿಗೆ ಹೇಳಬೇಕು, ನನಗೆ ಕಂಡಿತ್ತು ರೀ, ಚೆನ್ನಾಗಿಯೇ ಕಂಡಿತ್ತು, ನಿಮ್ಮ ದೀಪ ಗೆದ್ದಿದೆ, ಗೆದ್ದು ಅದು ನಮ್ಮ ಮಾತು ಆಡಿತು, ಅದನ್ನು ಮತ್ತೆ ಹೊಲಿಗೆ ಮೆಶಿನ್ನಿನ ಹಾಗೆ ಮಾಡಿ, ತಲೆ ನೋಯಲಿ, ಕಣ್ಣು ಕುಕ್ಕಲಿ, ಮನುಷ್ಯರ ಕೈಯ ಹಾಗೆ ಮಾತ್ರ ಬೇಡ. ಹೇಳಿದ ಮೇಲೆ ಮಧ್ಯಾಹ್ನ ಶೆಡ್ಡಿನ ಬಲ್ಬು ಮತ್ತೆ ಎರಡು ಸಲ ಮಿಟುಕುತ್ತದೋ ಇಲ್ಲವೋ, ಮಿಟುಕಿದರೆ ತಾನು ಅನ್ನಕ್ಕೆ ಕೈ ಹಾಕಬಲ್ಲಳೋ ಇಲ್ಲವೋ. ಅವರು ಇವಳನ್ನು ಕಂಡರು, ಕೈ ಎತ್ತಲಿಲ್ಲ, ಎರಡೂ ಕೈ ಹ್ಯಾಂಡಲ್ಲಿನ ಮೇಲೆ, ಗಾಡಿ ಶುರು ಮಾಡಿದರು, ಮುಂದಿನ ದೀಪ ಹೊತ್ತಿಕೊಂಡಿತು, ಹೊಸದು, ಎರಡರಷ್ಟು ಬೆಳಕು, ಇಷ್ಟು ಬಿಸಿಲಲ್ಲೂ ಕಣ್ಣಿಗೆ ನೇರ ಬಂದು ಕೂರುವ ಬೆಳಕು. ಅವಳು ಒಂದು ಕಾಲು ರಸ್ತೆಗೆ ಇಳಿಸಿದಳು, ಇನ್ನೊಂದು ಮೇಲೆಯೇ ಉಳಿಯಿತು. ಬಾ ಅಂತಲೋ, ನಿಲ್ಲು ನಾನೇ ಬರ್ತೀನಿ ಅಂತಲೋ, ನೀನು ಮೊದಲು ಅಂತಲೋ, ಅದು ಅವರ ಕೈಯೋ, ಬೆಂಕಿಪೊಟ್ಟಣದಷ್ಟು ಡಬ್ಬಿಯೋ — ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ತಿಳಿಯಲಿಲ್ಲ. ಎರಡು ಸಲ. ನಡುವೆ ಒಂದು ಉಸಿರು. ಮತ್ತೆ ಎರಡು ಸಲ.